ಸ್ಥಳೀಯ ಲೀಗ್‌ನಿಂದ ಫಿಫಾ ಬ್ಯಾಡ್ಜ್‌ವರೆಗೆ: ಫುಟ್‌ಬಾಲ್ ರೆಫರಿಯ ತರಬೇತಿ ಮತ್ತು ಅಂತರರಾಷ್ಟ್ರೀಯ ನಿಯೋಜನೆ

ಫುಟ್‌ಬಾಲ್ ರೆಫರಿಯಾಗಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆಯೆಂದರೆ, ಅಂತರರಾಷ್ಟ್ರೀಯ ಪಂದ್ಯಗಳನ್ನು ನಡೆಸಿಕೊಡಲು ಯಾರಿಗೆ ಅರ್ಜಿ ಹಾಕಬೇಕು ಎಂಬುದು. ಅಂಥ ಅರ್ಜಿ ಇಲ್ಲ. ಫಿಫಾ ಪ್ರತಿವರ್ಷ ಸಿದ್ಧಪಡಿಸುವ ಅಂತರರಾಷ್ಟ್ರೀಯ ರೆಫರಿಗಳ ಪಟ್ಟಿಗೆ ಹೆಸರು ಕಳುಹಿಸುವ ಹಕ್ಕು ಆಯಾ ದೇಶದ ಫುಟ್‌ಬಾಲ್ ಸಂಸ್ಥೆಗೆ ಸೇರಿದ್ದು. ಆ ಸಂಸ್ಥೆಯ ರೆಫರಿ ಸಮಿತಿಯಾದರೋ, ವರ್ಷಗಟ್ಟಲೆ ಮೈದಾನದ ಬದಿಯಲ್ಲಿ ಕುಳಿತು ನಿಮ್ಮ ಕೆಲಸ ನೋಡಿದ ಮೌಲ್ಯಮಾಪಕರ ವರದಿಗಳನ್ನು ಮುಂದಿಟ್ಟುಕೊಂಡು ತೀರ್ಮಾನಕ್ಕೆ ಬರುತ್ತದೆ. ಯಾವ ದಿನ ಯಾರು ನೋಡಲು ಬರುತ್ತಾರೆಂಬುದು ನಿಮಗೆ ಮುಂಚೆ ಗೊತ್ತಾಗುವುದಿಲ್ಲ. ಆದ್ದರಿಂದ ಹದಿನಾಲ್ಕು ವರ್ಷದ ಮಕ್ಕಳ ಪಂದ್ಯವಿರಲಿ, ಅಗ್ರ ಲೀಗ್‌ನ ಪಂದ್ಯವಿರಲಿ, ನೋಡಲು ಬಂದವರಿಗೆ ಪ್ರತಿ ಸಲವೂ ಅದೇ ರೆಫರಿ ಕಾಣುವಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೈಯಲ್ಲಿರುವ ಕೆಲಸ. ಅಂಥ ಸ್ಥಿರತೆಯನ್ನು ಹಂತಹಂತವಾಗಿ ರೂಢಿಸಿಕೊಳ್ಳುವುದು ಹೇಗೆ, ಅದು ಅಂತರರಾಷ್ಟ್ರೀಯ ನಿಯೋಜನೆಯವರೆಗೆ ಹೇಗೆ ಕರೆದೊಯ್ಯುತ್ತದೆ ಎಂಬುದನ್ನು ಮುಂದೆ ವಿವರಿಸಿದ್ದೇನೆ.

ನಿಯಮ ಪುಸ್ತಕದಿಂದ ಆರಂಭಿಸಿ

ಫುಟ್‌ಬಾಲ್‌ಗೆ ಇರುವುದು 17 ನಿಯಮಗಳು. ಅವುಗಳನ್ನು ರೂಪಿಸಿ ತಿದ್ದುವ ಅಧಿಕಾರ ಫಿಫಾದ್ದೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು 1886ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಫುಟ್‌ಬಾಲ್ ಅಸೋಸಿಯೇಷನ್ ಮಂಡಳಿಯ, ಅಂದರೆ ಇಫಾಬ್‌ನ ಕೆಲಸ. ಬ್ರಿಟನ್ನಿನ ನಾಲ್ಕು ಸಂಸ್ಥೆಗಳಿಗೆ ಅಲ್ಲಿ ತಲಾ ಒಂದು ಮತ, ಫಿಫಾಕ್ಕೆ ನಾಲ್ಕು ಮತ. ಎಂಟರಲ್ಲಿ ಆರು ಮತ ಬಿದ್ದರೆ ಮಾತ್ರ ನಿಯಮ ಬದಲಾಗುತ್ತದೆ. ತಿದ್ದುಪಡಿಗಳು ಸಾಮಾನ್ಯವಾಗಿ ಜುಲೈ 1ರಿಂದ ಜಾರಿಗೆ ಬರುತ್ತವೆ. ಉದಾಹರಣೆಗೆ, ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕಿಕ್ ಕೊಡಬೇಕು, ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈಯೆತ್ತಿ ಬೆರಳಿನಿಂದ ಎಣಿಸಿ ತೋರಿಸಬೇಕು ಎಂಬ ನಿಯಮ 2025ರ ಜುಲೈ 1ರಂದು ಬಂತು. ಕಳೆದ ವರ್ಷದ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಈ ವರ್ಷದ ಪರೀಕ್ಷೆಗೆ ಕುಳಿತವರು ಇಂಥ ಕಡೆ ಎಡವುತ್ತಾರೆ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಆವೃತ್ತಿಯ ಬದಲಾವಣೆಗಳ ಅಧ್ಯಾಯವನ್ನು ಪ್ರತ್ಯೇಕವಾಗಿ ಓದಿ, ನಿಮ್ಮ ಹಳೆಯ ಟಿಪ್ಪಣಿಗಳನ್ನು ಆಗಲೇ ತಿದ್ದಿಬಿಡಿ.

ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ಓದಿಕೊಂಡು ಹೋಗಬೇಕಾಗಿಲ್ಲ. ನನ್ನ ಸಲಹೆಯೆಂದರೆ, ರೆಫರಿಯ ಅಧಿಕಾರವನ್ನು ಹೇಳುವ 5ನೇ ನಿಯಮ, ಪಾಸ್ ಬರುವಾಗ ದಾಳಿಗಾರ ಎಲ್ಲಿರಬಾರದೆಂದು ಹೇಳುವ ಆಫ್‌ಸೈಡಿನ 11ನೇ ನಿಯಮ, ಫೌಲ್ ಮತ್ತು ದುರ್ವರ್ತನೆಯ 12ನೇ ನಿಯಮ, ಈ ಮೂರನ್ನು ಮೊದಲು ಅರಗಿಸಿಕೊಳ್ಳಿ. ಮೈದಾನದ ಅಳತೆ, ಚೆಂಡಿನ ತೂಕ ಮುಂತಾದವನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ 12ನೇ ನಿಯಮದಲ್ಲಿ ಬರುವ ಮೂರು ಪದಗಳ ನಡುವಿನ ಅಂತರ ತಿಳಿಯಲು ವರ್ಷಗಳೇ ಬೇಕಾಗಬಹುದು. ಆಟಗಾರ ಎಚ್ಚರಿಕೆ ವಹಿಸದೆ ಮಾಡಿದ ಫೌಲ್‌ಗೆ ಕಾರ್ಡ್ ಬೇಕಿಲ್ಲ. ಎದುರಾಳಿಗೆ ಆಗಬಹುದಾದ ಅಪಾಯವನ್ನು ಲೆಕ್ಕಿಸದೆ ನುಗ್ಗಿದರೆ ಹಳದಿ ಕಾರ್ಡ್. ಮಿತಿಮೀರಿದ ಬಲ ಬಳಸಿದರೆ ಅಥವಾ ಎದುರಾಳಿಯ ಸುರಕ್ಷತೆಗೇ ಕುತ್ತು ತಂದರೆ ಕೆಂಪು ಕಾರ್ಡ್. ಪುಸ್ತಕದಲ್ಲಿ ಇದು ಕೆಲವೇ ಸಾಲು. ಮೈದಾನದಲ್ಲಿ ಇದೇ ನಿಮ್ಮ ವೃತ್ತಿಜೀವನ.

ಮೊದಲ ಕೋರ್ಸ್ ಮತ್ತು ಮೊದಲ ಪಂದ್ಯಗಳು

ಆರಂಭಿಕ ಕೋರ್ಸನ್ನು ಸ್ಥಳೀಯ ಅಥವಾ ಪ್ರಾದೇಶಿಕ ಫುಟ್‌ಬಾಲ್ ಸಂಸ್ಥೆ ನಡೆಸುತ್ತದೆ. ಅದರಲ್ಲಿ ನಿಯಮಗಳ ಲಿಖಿತ ಪರೀಕ್ಷೆ, ಓಟದ ಪರೀಕ್ಷೆ, ಸೀಟಿ ಊದುವುದು, ಸಂಜ್ಞೆ ತೋರಿಸುವುದು, ಬಾವುಟ ಹಿಡಿಯುವುದು ಮುಂತಾದ ಪ್ರಾಯೋಗಿಕ ಪಾಠಗಳಿರುತ್ತವೆ. ಪ್ರಮಾಣಪತ್ರ ಕೈಗೆ ಬಂದ ವಾರವೇ ಮಕ್ಕಳ ಪಂದ್ಯವೊಂದಕ್ಕೆ ಹೆಸರು ಕೊಟ್ಟುಬಿಡಿ. ತಡಮಾಡಿದಷ್ಟೂ ಕಲಿತದ್ದು ಮಾಸುತ್ತದೆ.

ಹೊಸಬರ ಸೀಟಿಯ ಸದ್ದಿನಲ್ಲೇ ಅವರ ಅಳುಕು ತಿಳಿದುಬಿಡುತ್ತದೆ. ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದು ಎಲ್ಲರಿಗೂ ಕಂಡಿರುವಾಗ ಸೀಟಿಯೇ ಬೇಡ. ಸಣ್ಣ ಫೌಲ್‌ಗೆ ಚುಟುಕಾದ ಒಂದು ಸದ್ದು ಸಾಕು. ಪೆನಾಲ್ಟಿಗೆ ಅಥವಾ ಗಂಭೀರ ಫೌಲ್‌ಗೆ ಮಾತ್ರ ಉದ್ದವಾಗಿ, ಗಟ್ಟಿಯಾಗಿ ಊದಬೇಕು. ಎಲ್ಲದಕ್ಕೂ ಒಂದೇ ದನಿಯಲ್ಲಿ ಊದುವ ರೆಫರಿಗೆ, ನಿಜವಾಗಿಯೂ ಆಟಗಾರರ ಗಮನ ಬೇಕಾದ ಕ್ಷಣದಲ್ಲಿ ಬಳಸಲು ಬೇರೆ ದನಿ ಉಳಿದಿರುವುದಿಲ್ಲ. ಖಾಲಿ ಮೈದಾನದಲ್ಲಿ ಹತ್ತು ನಿಮಿಷ ಬರೀ ಸೀಟಿಯನ್ನೇ ಅಭ್ಯಾಸ ಮಾಡಲು ಸಂಕೋಚಪಡಬೇಡಿ.

ಆರಂಭದ ಎರಡು ವರ್ಷ ರೆಫರಿಯಾಗಿಯೂ ಸಹಾಯಕ ರೆಫರಿಯಾಗಿಯೂ ಕೆಲಸ ಮಾಡಿ. ಇವು ಮುಂದೆ ಬೇರೆ ಬೇರೆ ದಾರಿಗಳಾಗುತ್ತವೆ, ಫಿಫಾ ಪಟ್ಟಿಯಲ್ಲೂ ಪ್ರತ್ಯೇಕ ವಿಭಾಗಗಳು. ಆದರೆ ಬಾವುಟ ಹಿಡಿದು ನಿಂತವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಅನುಭವದಿಂದ ಬಲ್ಲ ರೆಫರಿ ಮಾತ್ರ ಅವರಿಂದ ಸರಿಯಾದ ಸಹಾಯ ಪಡೆಯಬಲ್ಲ.

ತೀರ್ಮಾನವನ್ನು ಅಭ್ಯಾಸ ಮಾಡುವ ಬಗೆ

ರೆಫರಿಯ ತೀರ್ಮಾನ ಹುಟ್ಟುಗುಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಟಗಾರ ಪಾಸನ್ನು ಸಾವಿರ ಸಲ ಅಭ್ಯಾಸ ಮಾಡುವಂತೆ ತೀರ್ಮಾನವನ್ನೂ ಅಭ್ಯಾಸ ಮಾಡಲು ಸಾಧ್ಯ. ಇಂದು ಖಂಡ ಒಕ್ಕೂಟಗಳ ಶಿಬಿರಗಳಲ್ಲಿ ಹೆಚ್ಚಿನ ಸಮಯ ಹೋಗುವುದು ವಿಡಿಯೊ ತುಣುಕುಗಳ ಅಧ್ಯಯನಕ್ಕೆ. ಇದನ್ನು ನೀವು ಮನೆಯಲ್ಲೇ ಮಾಡಬಹುದು. ಒಂದು ಟ್ಯಾಕಲ್‌ನ ದೃಶ್ಯವನ್ನು ಸಹಜ ವೇಗದಲ್ಲಿ ಒಮ್ಮೆ ಮಾತ್ರ ನೋಡಿ ನಿಲ್ಲಿಸಿ. ಐದು ಸೆಕೆಂಡಿನೊಳಗೆ ಫೌಲ್ ಹೌದೋ ಅಲ್ಲವೋ, ಕಾರ್ಡ್ ಇದ್ದರೆ ಯಾವ ಬಣ್ಣದ್ದು, ಆಟ ಹೇಗೆ ಮತ್ತೆ ಶುರುವಾಗಬೇಕು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಆಮೇಲೆ ನಿಧಾನಗತಿಯಲ್ಲಿ ನೋಡುತ್ತಾ ಕಾರಣಗಳನ್ನು ಹುಡುಕಿ: ಆಟಗಾರ ಎಷ್ಟು ದೂರದಿಂದ, ಎಷ್ಟು ವೇಗದಲ್ಲಿ ಬಂದ, ಚೆಂಡನ್ನು ಆಡುವ ಅವಕಾಶ ನಿಜವಾಗಿ ಇತ್ತೇ, ಕಾಲು ನೆಲಕ್ಕೆ ಹತ್ತಿರವಿತ್ತೇ, ಮೇಲೆದ್ದಿತ್ತೇ, ಬೂಟಿನ ಅಡಿಯ ಮೊಳೆಗಳು ಮುಂದಿದ್ದವೇ, ತಗುಲಿದ್ದು ಪಾದಕ್ಕೋ, ಕಣಕಾಲಿನ ಮೇಲಕ್ಕೋ. ಕಾಲು ತಗುಲುವ ಆ ಒಂದು ಚೌಕಟ್ಟನ್ನು ಮಾತ್ರ ನಿಲ್ಲಿಸಿ ನೋಡಿದರೆ ಪ್ರತಿಯೊಂದು ಟ್ಯಾಕಲ್ ಕೂಡ ಕೆಂಪು ಕಾರ್ಡಿನಂತೆ ಕಾಣುತ್ತದೆ. ವೇಗ ಮತ್ತು ಬಲ ತಿಳಿಯುವುದು ಸಹಜ ಗತಿಯಲ್ಲೇ. ಎಲ್ಲಿ ತಗುಲಿತು ಎಂಬುದಕ್ಕೆ ಮಾತ್ರ ನಿಧಾನಗತಿ ಬೇಕು.

ಸ್ಪಷ್ಟ ಗೋಲಿನ ಅವಕಾಶವನ್ನು ತಪ್ಪಿಸಿದ ಫೌಲ್‌ಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಗೋಲಿಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು, ಚೆಂಡು ದಾಳಿಗಾರನ ಹಿಡಿತಕ್ಕೆ ಸಿಗುತ್ತಿತ್ತೇ, ಡಿಫೆಂಡರುಗಳು ಎಷ್ಟು ಮಂದಿ, ಎಲ್ಲಿದ್ದರು ಎಂಬ ನಾಲ್ಕು ಅಂಶಗಳನ್ನು ನಿಯಮವೇ ಕೊಟ್ಟಿದೆ. ದಾಳಿಗಾರ ಚೆಂಡನ್ನು ಮೂಲೆಯ ಬಾವುಟದತ್ತ ತಳ್ಳಿಕೊಂಡು ಓಡುತ್ತಿದ್ದಾಗ ಕೊನೆಯ ಡಿಫೆಂಡರ್ ಬೀಳಿಸಿದ ಎಂದಿಟ್ಟುಕೊಳ್ಳಿ. ಪ್ರೇಕ್ಷಕರು 'ಕೊನೆಯ ಆಟಗಾರ' ಎಂದು ಕೂಗುತ್ತಾರೆ. ನಿಯಮದಲ್ಲಿ ಆ ಮಾತೇ ಇಲ್ಲ. ದಿಕ್ಕು ಗೋಲಿನ ಕಡೆಗಿರದ ಕಾರಣ ಅಲ್ಲಿ ಸಾಮಾನ್ಯವಾಗಿ ಹಳದಿ ಕಾರ್ಡ್ ಸಾಕಾಗುತ್ತದೆ. ಕೂಗಾಟದ ನಡುವೆ ಈ ನಾಲ್ಕು ಪ್ರಶ್ನೆಗಳು ತಾವಾಗಿಯೇ ಮನಸ್ಸಿಗೆ ಬರಬೇಕಾದರೆ ವಾರಕ್ಕೆ ಹತ್ತಿಪ್ಪತ್ತು ತುಣುಕುಗಳನ್ನಾದರೂ ಹೀಗೆ ಬರೆದು ನೋಡುವ ರೂಢಿ ಇರಬೇಕು.

ಸಹಾಯಕ ರೆಫರಿಯ ಅಭ್ಯಾಸ ಬೇರೆ. ಕೊನೆಯಿಂದ ಎರಡನೇ ಡಿಫೆಂಡರಿನ ಸಾಲಿನಲ್ಲೇ ಸದಾ ಇರಬೇಕಾದುದರಿಂದ, ಮೈದಾನಕ್ಕೆ ಮುಖ ಮಾಡಿ ಅಡ್ಡ ಹೆಜ್ಜೆಯಲ್ಲಿ ಸರಿಯುವುದನ್ನು ಕಲಿಯಬೇಕು. ದೂರದ ಓಟಕ್ಕೆ ಮಾತ್ರ ತಿರುಗಿ ಓಡಬೇಕು. ಪಾಸ್ ಮಾಡುವವನ ಕಾಲಿಗೆ ಚೆಂಡು ತಗುಲಿದ ಕ್ಷಣದಲ್ಲಿ ಆಫ್‌ಸೈಡ್ ಸಾಲಿನ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಆ ಆಟಗಾರ ಆಟದಲ್ಲಿ ಪಾಲ್ಗೊಂಡದ್ದು ಖಚಿತವಾದ ಮೇಲಷ್ಟೇ ಬಾವುಟ ಎತ್ತಬೇಕು. ಬಾವುಟ ಸದಾ ರೆಫರಿಗೆ ಕಾಣುವ ಕೈಯಲ್ಲಿರಬೇಕು, ಕೈ ಬದಲಿಸುವುದಿದ್ದರೆ ಸೊಂಟದ ಕೆಳಗೇ ಬದಲಿಸಬೇಕು. ಮೇಲೆತ್ತಿ ಬದಲಿಸಿದರೆ ಅದು ಸಂಜ್ಞೆಯಂತೆ ಕಾಣುವ ಅಪಾಯವಿದೆ.

ಓಟದ ಪರೀಕ್ಷೆಗೆ ಸಿದ್ಧತೆ

ಉನ್ನತ ಮಟ್ಟದ ಪಂದ್ಯವೊಂದರಲ್ಲಿ ರೆಫರಿ ಸುಮಾರು 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಅದರಲ್ಲಿ ವೇಗದ ಓಟ, ಹಿಮ್ಮುಖ ಓಟ, ನಡಿಗೆ ಎಲ್ಲವೂ ಸೇರಿವೆ. ಫಿಫಾದ ದೈಹಿಕ ಪರೀಕ್ಷೆ ಇದನ್ನೇ ಎರಡು ಭಾಗ ಮಾಡಿ ಅಳೆಯುತ್ತದೆ. ಮೊದಲನೆಯದು 40 ಮೀಟರಿನ ಆರು ಓಟಗಳು, ನಡುವೆ 60 ಸೆಕೆಂಡ್ ವಿಶ್ರಾಂತಿ. ಅಂತರರಾಷ್ಟ್ರೀಯ ಮಟ್ಟದ ಪುರುಷ ರೆಫರಿ ಪ್ರತಿಯೊಂದನ್ನೂ 6 ಸೆಕೆಂಡಿನೊಳಗೆ, ಮಹಿಳಾ ರೆಫರಿ 6.4 ಸೆಕೆಂಡಿನೊಳಗೆ ಮುಗಿಸಬೇಕು. ಆರರಲ್ಲಿ ಒಂದು ತಪ್ಪಿದರೆ ಏಳನೆಯ ಅವಕಾಶ ಸಿಗುತ್ತದೆ, ಎರಡು ತಪ್ಪಿದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು. ಆರೆಂಟು ನಿಮಿಷಗಳ ಬಿಡುವಿನ ನಂತರ ಎರಡನೆಯ ಭಾಗ: 75 ಮೀಟರ್ ಓಟ, 25 ಮೀಟರ್ ನಡಿಗೆ, ಹೀಗೆ 40 ಸಲ, ಒಟ್ಟು 4,000 ಮೀಟರ್. ಪುರುಷರಿಗೆ ಓಟಕ್ಕೆ 15, ನಡಿಗೆಗೆ 18 ಸೆಕೆಂಡ್. ಮಹಿಳೆಯರಿಗೆ 17 ಮತ್ತು 20. ಸಹಾಯಕ ರೆಫರಿಗಳಿಗೆ 30 ಮೀಟರಿನ ಐದು ಓಟಗಳಿವೆ. ಅದರ ಜೊತೆಗೆ 10 ಮೀಟರ್ ಮುಂದಕ್ಕೆ, 8 ಮೀಟರ್ ಎಡಬದಿಗೆ ಅಡ್ಡವಾಗಿ, ಮತ್ತೆ 8 ಮೀಟರ್ ಬಲಬದಿಗೆ ಅಡ್ಡವಾಗಿ, ಕೊನೆಗೆ 10 ಮೀಟರ್ ಮುಂದಕ್ಕೆ ಓಡುವ ದಿಕ್ಕು ಬದಲಾವಣೆಯ ಪರೀಕ್ಷೆಯೂ ಇದೆ. ಕೆಳ ಹಂತಗಳಲ್ಲಿ ಸಮಯದ ಮಿತಿ ಸಡಿಲವಾಗಿರುತ್ತದೆ, ಕ್ರಮವೂ ಆಗಾಗ ಪರಿಷ್ಕೃತವಾಗುತ್ತದೆ; ನಿಮ್ಮ ಸಂಸ್ಥೆ ಆ ವರ್ಷ ಹೊರಡಿಸುವ ಸುತ್ತೋಲೆಯೇ ಅಂತಿಮ.

ಎರಡನೆಯ ಭಾಗದಲ್ಲಿ ಸೋಲುವವರನ್ನು ಗಮನಿಸಿದರೆ, ಬಹುತೇಕರು ಮೊದಲ ಹತ್ತು ಓಟಗಳನ್ನು ಅಗತ್ಯಕ್ಕಿಂತ ವೇಗವಾಗಿ ಓಡಿರುತ್ತಾರೆ. 75 ಮೀಟರನ್ನು 15 ಸೆಕೆಂಡಿನಲ್ಲಿ ಮುಗಿಸುವುದೆಂದರೆ ಗಂಟೆಗೆ 18 ಕಿಲೋಮೀಟರ್ ವೇಗ. ಹದಿಮೂರು ಸೆಕೆಂಡಿನಲ್ಲಿ ಮುಗಿಸಿದವರಿಗೆ ಹೆಚ್ಚಿನ ಅಂಕ ಯಾರೂ ಕೊಡುವುದಿಲ್ಲ, ಆದರೆ ಮೂವತ್ತನೆಯ ಸುತ್ತಿನಲ್ಲಿ ಕಾಲುಗಳು ಅದರ ಲೆಕ್ಕ ಕೇಳುತ್ತವೆ. ಸೀಟಿ ಬೀಳುವ ಹೊತ್ತಿಗೆ ಗೆರೆಯ ಮೇಲೆ ಪಾದ ಇರುವಂತೆ ಓಡುವುದನ್ನು ಅಭ್ಯಾಸ ಮಾಡಿ. ನಡಿಗೆಯಲ್ಲಿ ನಿಲ್ಲಬೇಡಿ, ಬಗ್ಗಿ ಮೊಣಕಾಲು ಹಿಡಿಯಬೇಡಿ. 25 ಮೀಟರಿಗೆ 18 ಸೆಕೆಂಡ್ ಎಂದರೆ ಸಾಧಾರಣ ಚುರುಕಿನ ನಡಿಗೆ, ಉಸಿರು ಹದಕ್ಕೆ ತಂದುಕೊಳ್ಳಲು ಅಷ್ಟು ಸಾಕು. ವಾರದಲ್ಲಿ ಎರಡು ದಿನ ಹೆಚ್ಚು ತೀವ್ರತೆಯ ಓಟ, ಒಂದು ದಿನ ವೇಗದ ಚಿಕ್ಕ ಓಟ, ಪಂದ್ಯದ ಮರುದಿನ ಹಗುರ ಓಟ, ಜೊತೆಗೆ ತೊಡೆಯ ಹಿಂಭಾಗ ಮತ್ತು ಮೀನಖಂಡಗಳನ್ನು ಬಲಪಡಿಸುವ ವ್ಯಾಯಾಮ, ಇಷ್ಟನ್ನು ತಪ್ಪದೆ ಮಾಡಿದವರಿಗೆ ಪರೀಕ್ಷೆಗೆಂದು ಪ್ರತ್ಯೇಕ ಸಿದ್ಧತೆ ಅಷ್ಟಾಗಿ ಬೇಕಾಗುವುದಿಲ್ಲ.

ಬರೆದುಕೊಳ್ಳುವ ಶಿಸ್ತು

2006ರ ಜೂನ್ 22ರಂದು ಸ್ಟುಟ್‌ಗಾರ್ಟಿನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಕ್ರೊಯೇಷಿಯಾದ ಯೊಸಿಪ್ ಶಿಮುನಿಚ್‌ಗೆ ಇಂಗ್ಲೆಂಡಿನ ರೆಫರಿ ಗ್ರಹಾಂ ಪೋಲ್ ಮೂರು ಹಳದಿ ಕಾರ್ಡುಗಳನ್ನು ತೋರಿಸಿದರು. ಎರಡನೆಯದಕ್ಕೇ ಆಟಗಾರ ಹೊರಹೋಗಬೇಕಾಗಿತ್ತು. ಶಿಮುನಿಚ್ ಕ್ರೊಯೇಷಿಯಾದ 3ನೇ ಸಂಖ್ಯೆ. ಎರಡನೇ ಕಾರ್ಡನ್ನು ರೆಫರಿ ಆಸ್ಟ್ರೇಲಿಯಾದ 3ನೇ ಸಂಖ್ಯೆಯ ಆಟಗಾರನ ಹೆಸರಿಗೆ ಬರೆದುಕೊಂಡಿದ್ದರು. ಆ ಕಾಲದ ಅತ್ಯಂತ ಅನುಭವಿ ರೆಫರಿಗಳಲ್ಲಿ ಒಬ್ಬರಿಗೆ ಹೀಗಾಗಿರುವಾಗ, ತನಗೆ ಆಗದೆಂದು ಯಾರೂ ಅಂದುಕೊಳ್ಳಬಾರದು. ಕಾರ್ಡ್ ತೋರಿಸುವ ಮುನ್ನ ಮೊದಲು ತಂಡದ ಬಣ್ಣ, ಆಮೇಲೆ ಸಂಖ್ಯೆ, ಆಮೇಲೆ ನಿಮಿಷ, ಇದೇ ಕ್ರಮದಲ್ಲಿ ಪ್ರತಿ ಸಲವೂ ಬರೆಯಿರಿ. ಬರೆದದ್ದನ್ನು ಸಂವಹನ ಸಾಧನದಲ್ಲಿ ಗಟ್ಟಿಯಾಗಿ ಹೇಳಿ, ಸಹಾಯಕರಿಬ್ಬರೂ ಮೈದಾನದ ಹೊರಗಿರುವ ನಾಲ್ಕನೇ ಅಧಿಕಾರಿಯೂ ಅದನ್ನೇ ಬರೆದುಕೊಳ್ಳುವಂತೆ ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಸಾಧನ ಇಲ್ಲದ ಚಿಕ್ಕ ಪಂದ್ಯಗಳಲ್ಲಿ ಅರ್ಧ ವಿರಾಮದಲ್ಲಿ ಎಲ್ಲರ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಪಂದ್ಯದ ವರದಿಯೂ ಇಷ್ಟೇ ಮುಖ್ಯ. 'ಆಟಗಾರ ಅಸಭ್ಯವಾಗಿ ವರ್ತಿಸಿದ' ಎಂದು ಬರೆದರೆ ಶಿಸ್ತು ಸಮಿತಿಗೆ ಏನೂ ತಿಳಿಯುವುದಿಲ್ಲ. '63ನೇ ನಿಮಿಷದಲ್ಲಿ, ಆಟ ನಿಂತಿದ್ದಾಗ, ಬಿಳಿ ತಂಡದ 5ನೇ ಸಂಖ್ಯೆಯ ಆಟಗಾರ ಎದುರಾಳಿ ತಂಡದ 9ನೇ ಸಂಖ್ಯೆಯವನ ಎದೆಗೆ ಮೊಣಕೈಯಿಂದ ಹೊಡೆದನು; ನಾನು ಸುಮಾರು ಹತ್ತು ಮೀಟರ್ ದೂರದಲ್ಲಿದ್ದು ನೇರವಾಗಿ ನೋಡಿದೆನು; ಅವನನ್ನು ಹೊರಗೆ ಕಳುಹಿಸಿದೆನು' ಎಂದು ಬರೆದರೆ ಬೇರೆ ವಿವರಣೆ ಬೇಕಿಲ್ಲ. ಬೈಗುಳವಿದ್ದರೆ ಆಡಿದ ಮಾತನ್ನೇ ಯಥಾವತ್ತಾಗಿ ದಾಖಲಿಸಬೇಕು. ಅಂತರರಾಷ್ಟ್ರೀಯ ಪಂದ್ಯದಲ್ಲಿ ಇದನ್ನು ಬೇರೆ ಭಾಷೆಯಲ್ಲಿ, ತಡರಾತ್ರಿ, ದಣಿದ ಮೈಯಲ್ಲಿ ಬರೆಯಬೇಕಾಗುವುದರಿಂದ ಈ ರೂಢಿ ಸ್ಥಳೀಯ ಪಂದ್ಯಗಳಲ್ಲೇ ಕೈಗೆ ಹತ್ತಿರಬೇಕು.

ಮೌಲ್ಯಮಾಪನ ಮತ್ತು ಬಡ್ತಿ

ಮೌಲ್ಯಮಾಪಕರು ನಿಮ್ಮ ತೀರ್ಮಾನಗಳನ್ನು ಮಾತ್ರವಲ್ಲ, ನಿಂತ ಜಾಗ, ಓಟ, ಸಹಾಯಕರೊಂದಿಗಿನ ಹೊಂದಾಣಿಕೆ, ಆಟಗಾರರನ್ನು ನಿಭಾಯಿಸಿದ ರೀತಿ ಎಲ್ಲವನ್ನೂ ನೋಡಿ ಅಂಕ ಕೊಡುತ್ತಾರೆ. ಪಂದ್ಯ ಮುಗಿದ ಕೂಡಲೇ ಅವರೆದುರು ವಾದಕ್ಕೆ ಇಳಿಯದೆ, 'ಆ ಪೆನಾಲ್ಟಿಯ ಹೊತ್ತಿಗೆ ನಾನು ಎಲ್ಲಿರಬೇಕಿತ್ತು?' ಎಂಬಂಥ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ. ಒಂದೇ ದೋಷ ಎರಡು ವರದಿಗಳಲ್ಲಿ ಕಾಣಿಸಿಕೊಂಡರೆ ಮುಂದಿನ ಮೂರು ಪಂದ್ಯಗಳಲ್ಲಿ ಅದೊಂದನ್ನೇ ತಿದ್ದಿಕೊಳ್ಳಲು ಪಣ ತೊಡಿ. ಎಲ್ಲವನ್ನೂ ಒಟ್ಟಿಗೆ ತಿದ್ದಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಯಾವುದನ್ನೂ ತಿದ್ದಿಕೊಂಡಿರುವುದಿಲ್ಲ.

ಬಡ್ತಿಯ ಮೆಟ್ಟಿಲುಗಳು ದೇಶದಿಂದ ದೇಶಕ್ಕೆ ಬೇರೆ. ಹೆಚ್ಚಿನ ಕಡೆ ಸ್ಥಳೀಯ, ಪ್ರಾದೇಶಿಕ, ರಾಷ್ಟ್ರೀಯ ಎಂಬ ಕ್ರಮವಿರುತ್ತದೆ. ಪ್ರತಿಭಾವಂತ ಯುವ ರೆಫರಿಗಳಿಗೆಂದೇ ಇರುವ ಕಾರ್ಯಕ್ರಮಗಳ ಬಗ್ಗೆ ನಿಮ್ಮ ಸಂಸ್ಥೆಯಲ್ಲಿ ವಿಚಾರಿಸುತ್ತಿರಿ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2010ರಿಂದ ಸ್ವಿಟ್ಜರ್‌ಲ್ಯಾಂಡಿನ ನಿಯೋನ್‌ನಲ್ಲಿ ರೆಫರಿಗಳ ಉತ್ಕೃಷ್ಟತಾ ಕೇಂದ್ರವನ್ನು ನಡೆಸುತ್ತಿದೆ, ಏಷ್ಯಾದ ಒಕ್ಕೂಟವೂ ತನ್ನದೇ ರೆಫರಿ ಅಕಾಡೆಮಿಯನ್ನು ಹೊಂದಿದೆ. ಇವುಗಳಿಗೂ ಆಯ್ಕೆಯಾಗುವುದು ರಾಷ್ಟ್ರೀಯ ಸಂಸ್ಥೆಯ ಶಿಫಾರಸಿನ ಮೂಲಕವೇ.

ಫಿಫಾ ಪಟ್ಟಿ

ಫಿಫಾದ 211 ಸದಸ್ಯ ಸಂಸ್ಥೆಗಳು ವರ್ಷಾಂತ್ಯಕ್ಕೆ ಕೆಲವು ತಿಂಗಳ ಮೊದಲೇ ತಮ್ಮ ಹೆಸರುಗಳನ್ನು ಕಳುಹಿಸುತ್ತವೆ. ರೆಫರಿಗೆ ಪಟ್ಟಿಯ ವರ್ಷದ ಜನವರಿ 1ಕ್ಕೆ ಕನಿಷ್ಠ 25 ವರ್ಷ, ಸಹಾಯಕ ರೆಫರಿಗೆ 23 ವರ್ಷ ತುಂಬಿರಬೇಕು. ತಮ್ಮ ದೇಶದ ಅಗ್ರ ವಿಭಾಗದಲ್ಲಿ ನಿಯಮಿತವಾಗಿ ಪಂದ್ಯ ನಡೆಸಿರಬೇಕು. ವೈದ್ಯಕೀಯ ಮತ್ತು ದೈಹಿಕ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿರಬೇಕು. ಹಿಂದೆ 45 ವರ್ಷಕ್ಕೆ ನಿವೃತ್ತಿಯಾಗಬೇಕೆಂಬ ಕಟ್ಟಳೆ ಇತ್ತು, ಈಗ ಅದಿಲ್ಲ. ನೆದರ್‌ಲ್ಯಾಂಡ್ಸಿನ ಬ್ಯೋರ್ನ್ ಕೈಪರ್ಸ್ 2021ರ ಜುಲೈನಲ್ಲಿ ಯುರೋ ಫೈನಲ್ ನಡೆಸಿದಾಗ ಅವರಿಗೆ 48 ವರ್ಷ. ರೆಫರಿ, ಸಹಾಯಕ ರೆಫರಿ, ಫುಟ್ಸಾಲ್ (ಒಳಾಂಗಣ ಫುಟ್‌ಬಾಲ್), ಬೀಚ್ ಸಾಕರ್, ವಿಡಿಯೊ ಅಧಿಕಾರಿ ಎಂಬ ವಿಭಾಗಗಳಿದ್ದು, ಪ್ರತಿ ಸಂಸ್ಥೆಗೂ ಸ್ಥಾನಗಳ ಮಿತಿಯಿದೆ. ಆದ್ದರಿಂದ ಅರ್ಹತೆ ಇದ್ದರೂ ಸ್ಥಾನ ತೆರವಾಗುವವರೆಗೆ ಕಾಯಬೇಕಾದೀತು.

ಪಟ್ಟಿ ಸೇರಿದವರಿಗೆ ಸಿಗುವ ಬ್ಯಾಡ್ಜಿನ ಮೇಲೆ ವರ್ಷ ಅಚ್ಚಾಗಿರುತ್ತದೆ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಮಾತ್ರ ಅದಕ್ಕೆ ಬೆಲೆ. ಮುಂದಿನ ವರ್ಷಕ್ಕೆ ಮತ್ತೆ ಪರೀಕ್ಷೆ, ಮತ್ತೆ ನಾಮನಿರ್ದೇಶನ. ಈ ಕಟ್ಟುನಿಟ್ಟು ಸರಿಯಾದದ್ದೆಂದೇ ನನ್ನ ಭಾವನೆ. ಇಪ್ಪತ್ತೆರಡು ಆಟಗಾರರ ನಾಲ್ಕು ವರ್ಷಗಳ ದುಡಿಮೆ ಒಂದು ಸೀಟಿಯ ಮೇಲೆ ನಿಂತಿರುವಾಗ, ಆ ಸೀಟಿ ಹಿಡಿದವರ ಇಂದಿನ ಸಾಮರ್ಥ್ಯವನ್ನೇ ನೋಡಬೇಕು.

ಮೊದಲ ನಿಯೋಜನೆ ಬಂದಾಗ

ಹೊಸ ಬ್ಯಾಡ್ಜ್ ಪಡೆದವರಿಗೆ ದೊಡ್ಡ ಪಂದ್ಯ ತಕ್ಷಣ ಸಿಗುವುದಿಲ್ಲ. ಮೊದಲಿಗೆ ನಾಲ್ಕನೇ ಅಧಿಕಾರಿಯಾಗಿ, ಯುವ ತಂಡಗಳ ಅರ್ಹತಾ ಟೂರ್ನಿಗಳಲ್ಲಿ, ಸೌಹಾರ್ದ ಪಂದ್ಯಗಳಲ್ಲಿ ನಿಯೋಜನೆ ಬರುತ್ತದೆ. ಆಡುವ ಎರಡೂ ದೇಶಗಳಿಗೆ ಸೇರದ ತಟಸ್ಥ ದೇಶದವರನ್ನು ಆರಿಸುವುದು ವಾಡಿಕೆ. ಪತ್ರ ಬಂದ ಕೂಡಲೇ ಒಪ್ಪಿಗೆ ತಿಳಿಸಿ. ಗಾಯವಿದ್ದರೆ ಮುಚ್ಚಿಡದೆ ಅಂದೇ ಹೇಳಿ. ಹಿಂದೆ ಸರಿದದ್ದಕ್ಕೆ ಕ್ಷಮೆಯುಂಟು, ಪಂದ್ಯದ ಹತ್ತನೇ ನಿಮಿಷದಲ್ಲಿ ಕುಂಟುತ್ತಾ ಹೊರಬಂದರೆ ಸಮಿತಿಯ ವಿಶ್ವಾಸ ಹೋಗುತ್ತದೆ.

ಪಾಸ್‌ಪೋರ್ಟ್‌ನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರುವಂತೆ, ವೀಸಾ ಮತ್ತು ಅಗತ್ಯ ಲಸಿಕೆಗಳ ದಾಖಲೆ ಸಿದ್ಧವಿರುವಂತೆ ವರ್ಷವಿಡೀ ನೋಡಿಕೊಳ್ಳಿ. ಬೂಟು, ಎರಡು ಬಣ್ಣದ ಜೆರ್ಸಿ, ಬ್ಯಾಡ್ಜ್, ಎರಡು ಸೀಟಿ, ಎರಡು ಗಡಿಯಾರ, ಕಾರ್ಡುಗಳು, ಇವು ವಿಮಾನದಲ್ಲಿ ನಿಮ್ಮ ಕೈಚೀಲದಲ್ಲೇ ಇರಲಿ. ಸಾಮಾನು ತಡವಾಗಿ ಬಂದರೆ ಉಳಿದೆಲ್ಲವನ್ನೂ ಎರವಲು ಪಡೆಯಬಹುದು, ಕಾಲಿಗೆ ಹೊಂದಿಕೊಂಡ ಬೂಟು ಎರವಲು ಸಿಗುವುದಿಲ್ಲ. ಹೋಗುವ ಊರಿನ ಬಿಸಿಲು, ತೇವಾಂಶ, ಎತ್ತರ ಮೊದಲೇ ತಿಳಿದುಕೊಳ್ಳಿ. ಬೊಲಿವಿಯಾದ ಲಾ ಪಾಜ್‌ನಂತೆ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದ ಮೈದಾನದಲ್ಲಿ ಉಸಿರು ಸಾಲದೆ ಹೋಗುವುದು ಆಟಗಾರರಿಗೆ ಮಾತ್ರವಲ್ಲ.

ಪಂದ್ಯದ ದಿನ ಬೆಳಿಗ್ಗೆ ನಡೆಯುವ ಸಮನ್ವಯ ಸಭೆಯಲ್ಲಿ ಎರಡೂ ತಂಡಗಳ, ಗೋಲ್‌ಕೀಪರುಗಳ ಮತ್ತು ನಿಮ್ಮ ಜೆರ್ಸಿಯ ಬಣ್ಣಗಳು ಪರಸ್ಪರ ಬೆರೆಯದಂತೆ ಖಚಿತಪಡಿಸಿಕೊಳ್ಳಿ. ಮೈದಾನಕ್ಕೆ ಹೋದಾಗ ಗೋಲಿನ ಬಲೆಗಳನ್ನು ಕೈಯಿಂದ ಎಳೆದು ಪರೀಕ್ಷಿಸಿ. ಆಮೇಲೆ ನಿಮ್ಮ ತಂಡದೊಂದಿಗೆ ಕುಳಿತು, ಪೆನಾಲ್ಟಿ ಪ್ರದೇಶದ ಅಂಚಿನಲ್ಲಿ ಫೌಲ್ ಆದರೆ ಒಳಗೋ ಹೊರಗೋ ಎಂದು ಯಾರು ಹೇಳಬೇಕು, ನನ್ನ ಬೆನ್ನ ಹಿಂದೆ ಜಗಳವಾದರೆ ಯಾರು ನೋಡಬೇಕು ಎಂಬುದನ್ನು ಒಂದೊಂದಾಗಿ ತೀರ್ಮಾನಿಸಿ. ವಿಡಿಯೊ ನೋಡಿ ನೆರವಾಗುವ ಸಹಾಯಕ ರೆಫರಿ, ಅಂದರೆ ವಿಎಆರ್ ಇದ್ದರೆ ಅವರೊಂದಿಗೂ ಬಳಸುವ ಪದಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. 2018ರಲ್ಲಿ ವಿಎಆರ್ ನಿಯಮಕ್ಕೆ ಸೇರಿದಂದಿನಿಂದಲೂ, ಸ್ಪಷ್ಟವಾಗಿ ಕಣ್ಣಿಗೆ ಹೊಡೆಯುವ ತಪ್ಪಾದರೆ ಮಾತ್ರ ಮಧ್ಯೆ ಬರಬೇಕೆಂಬುದೇ ಅದರ ಮೂಲತತ್ವ. ಆದ್ದರಿಂದ ಪರದೆಯಿಲ್ಲ ಎಂದೇ ಭಾವಿಸಿ ಮೊದಲ ತೀರ್ಮಾನವನ್ನು ನೀವೇ ಕೊಡಬೇಕು.

ಭಾಷೆ

1966ರ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನ್ ರೆಫರಿ ರುಡಾಲ್ಫ್ ಕ್ರೈಟ್ಲೈನ್ ಅರ್ಜೆಂಟೀನಾದ ನಾಯಕ ರಟ್ಟಿನ್‌ರನ್ನು ಹೊರಗೆ ಕಳುಹಿಸಿದರು. ರೆಫರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ರಟ್ಟಿನ್ ಹೊರಡಲು ಒಪ್ಪದೆ ಆಟ ಬಹಳ ಹೊತ್ತು ನಿಂತಿತು. ರೆಫರಿಗಳ ಉಸ್ತುವಾರಿ ಹೊತ್ತಿದ್ದ ಇಂಗ್ಲೆಂಡಿನ ಕೆನ್ ಆಸ್ಟನ್‌ಗೆ ರಸ್ತೆಯ ಸಿಗ್ನಲ್ ದೀಪಗಳನ್ನು ನೋಡಿ ಹಳದಿ ಮತ್ತು ಕೆಂಪು ಕಾರ್ಡುಗಳ ಉಪಾಯ ಹೊಳೆದದ್ದು ಅದರ ನಂತರವೇ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಬಳಕೆಗೆ ಬಂದವು. ಕಾರ್ಡ್ ಎಲ್ಲ ಭಾಷೆಯವರಿಗೂ ಅರ್ಥವಾಗುತ್ತದೆ, ಆದರೆ ಸಭೆ, ವರದಿ, ಶಿಬಿರ, ಸಂವಹನ ಸಾಧನ ಎಲ್ಲದಕ್ಕೂ ಇಂಗ್ಲಿಷ್ ಬೇಕು. ಪಾಂಡಿತ್ಯ ಬೇಡ. ನಿಯಮ ಪುಸ್ತಕದ ಪದಗಳಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಲು, ಬರೆಯಲು ಬಂದರೆ ಸಾಕು. 2002ರ ವಿಶ್ವಕಪ್ ಫೈನಲ್ ನಡೆಸಿದ ಇಟಲಿಯ ಪಿಯರ್‌ಲುಯಿಜಿ ಕೊಲೀನಾ ಅವರ ಸಹಾಯಕರಲ್ಲಿ ಒಬ್ಬರು ಸ್ವೀಡನ್ನಿನವರು, ಇನ್ನೊಬ್ಬರು ಇಂಗ್ಲೆಂಡಿನವರು. 2006ರಿಂದ ಒಂದೇ ದೇಶದ ಅಥವಾ ಒಂದೇ ಖಂಡದ ಮೂವರನ್ನು ತಂಡವಾಗಿ ಕಳುಹಿಸುವ ಪದ್ಧತಿ ಬಂದದ್ದು ಮಾತಿನ ಈ ತೊಡಕನ್ನು ಕಡಿಮೆ ಮಾಡಿದೆ. ಹೀಗಾಗಿ ನಿಮ್ಮ ಜೊತೆ ನಿಯಮಿತವಾಗಿ ಕೆಲಸ ಮಾಡುವ ಸಹಾಯಕರ ಗುಣಮಟ್ಟವೂ ನಿಮ್ಮ ಆಯ್ಕೆಯ ಭಾಗವೇ ಎಂಬುದನ್ನು ನೆನಪಿಡಿ.

ದೊಡ್ಡ ಟೂರ್ನಿಗಳ ಆಯ್ಕೆ

ವಿಶ್ವಕಪ್‌ನ ಸಂಭಾವ್ಯ ರೆಫರಿಗಳನ್ನು ಸುಮಾರು ಮೂರು ವರ್ಷ ಮೊದಲೇ ಗುರುತಿಸಿ, ಶಿಬಿರಗಳಲ್ಲಿ ಮತ್ತು ಇತರ ಟೂರ್ನಿಗಳಲ್ಲಿ ನೋಡುತ್ತಾ ಬರಲಾಗುತ್ತದೆ. 2022ರ ಕತಾರ್ ವಿಶ್ವಕಪ್‌ಗೆ 36 ರೆಫರಿಗಳು, 69 ಸಹಾಯಕರು, 24 ವಿಡಿಯೊ ಅಧಿಕಾರಿಗಳು ಆಯ್ಕೆಯಾಗಿದ್ದರು. ಅವರಲ್ಲಿ ಒಬ್ಬರಾದ ಫ್ರಾನ್ಸಿನ ಸ್ಟೆಫನಿ ಫ್ರಪ್ಪಾರ್ 2009ರಲ್ಲಿ ಫಿಫಾ ಪಟ್ಟಿ ಸೇರಿದವರು. 2019ರಲ್ಲಿ ಫ್ರಾನ್ಸಿನ ಪುರುಷರ ಅಗ್ರ ಲೀಗ್, ಅದೇ ವರ್ಷ ಯುಇಎಫ್‌ಎ ಸೂಪರ್ ಕಪ್, 2020ರಲ್ಲಿ ಪುರುಷರ ಚಾಂಪಿಯನ್ಸ್ ಲೀಗ್ ಪಂದ್ಯ ನಡೆಸಿದರು. 2022ರ ಡಿಸೆಂಬರ್ 1ರಂದು ಕೋಸ್ಟರಿಕಾ ಮತ್ತು ಜರ್ಮನಿಯ ಪಂದ್ಯವನ್ನು ಬ್ರೆಜಿಲ್‌ನ ನ್ಯೂಜಾ ಬಾಕ್, ಮೆಕ್ಸಿಕೊದ ಕರೆನ್ ಡಿಯಾಜ್ ಅವರೊಂದಿಗೆ ನಡೆಸಿದಾಗ, ಪುರುಷರ ವಿಶ್ವಕಪ್‌ನಲ್ಲಿ ಮೂವರೂ ಮಹಿಳೆಯರೇ ಇದ್ದ ಮೊದಲ ತಂಡ ಅದಾಯಿತು. ಪಟ್ಟಿ ಸೇರಿದ ದಿನದಿಂದ ಆ ದಿನಕ್ಕೆ ಹದಿಮೂರು ವರ್ಷ. ಉಜ್ಬೇಕಿಸ್ತಾನದ ರವ್ಶನ್ ಇರ್ಮಾತೊವ್ 2003ರಲ್ಲಿ ಬ್ಯಾಡ್ಜ್ ಪಡೆದು, 32ನೇ ವಯಸ್ಸಿನಲ್ಲಿ 2010ರ ವಿಶ್ವಕಪ್‌ನ ಉದ್ಘಾಟನಾ ಪಂದ್ಯ ನಡೆಸಿ, ಮೂರು ವಿಶ್ವಕಪ್‌ಗಳಲ್ಲಿ ಒಟ್ಟು 11 ಪಂದ್ಯಗಳನ್ನು ನಿರ್ವಹಿಸಿದರು. ಬಲಾಢ್ಯ ಫುಟ್‌ಬಾಲ್ ದೇಶದಲ್ಲಿ ಹುಟ್ಟಿದವರಿಗೆ ಮಾತ್ರ ಈ ದಾರಿ ಎಂದು ಹಿಂಜರಿಯುವವರು ಇವರ ವೃತ್ತಿಜೀವನವನ್ನು ಗಮನಿಸಬೇಕು. ಸ್ವಂತ ದೇಶದ ತಂಡ ಟೂರ್ನಿಯಲ್ಲಿ ಮುಂದೆ ಸಾಗಿದಷ್ಟೂ ರೆಫರಿಗೆ ದೊಡ್ಡ ಪಂದ್ಯ ಸಿಗುವ ಸಾಧ್ಯತೆ ಕುಗ್ಗುತ್ತದೆ. ಅದರ ಬಗ್ಗೆ ಕೊರಗಿ ಫಲವಿಲ್ಲ.

ಹಣ, ಬೆಟ್ಟಿಂಗ್ ಮತ್ತು ಅಪರಿಚಿತರು

2016ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಸೆನೆಗಲ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಮೊಣಕಾಲಿಗೆ ತಗುಲಿದ ಚೆಂಡಿಗೆ ಹ್ಯಾಂಡ್‌ಬಾಲ್ ಎಂದು ಪೆನಾಲ್ಟಿ ಕೊಟ್ಟ ರೆಫರಿಯನ್ನು ಫಿಫಾ ತನಿಖೆಯ ನಂತರ ಆಜೀವ ನಿಷೇಧಿಸಿತು. ಪಂದ್ಯವನ್ನು ಮರುವರ್ಷ ಮತ್ತೆ ಆಡಿಸಲಾಯಿತು. ತೀರ್ಮಾನದಲ್ಲಿ ತಪ್ಪುವುದು ಬೇರೆ, ತೀರ್ಮಾನವನ್ನು ಮಾರುವುದು ಬೇರೆ. ಎರಡನೆಯದಕ್ಕೆ ಆಮಿಷ ಒಡ್ಡುವವರು ಮೊದಲ ದಿನವೇ ಹಣದ ಮಾತೆತ್ತುವುದಿಲ್ಲ. ಹೋಟೆಲಿನ ಮೊಗಸಾಲೆಯಲ್ಲಿ ಅಭಿಮಾನಿಯಂತೆ ಪರಿಚಯ ಮಾಡಿಕೊಳ್ಳುತ್ತಾರೆ, ನಾಳೆಯ ಪಂದ್ಯಕ್ಕೆ ಯಾರು ರೆಫರಿ ಎಂದು ಸುಮ್ಮನೆ ಕೇಳುತ್ತಾರೆ, ಚಿಕ್ಕ ಉಡುಗೊರೆ ಕೊಡುತ್ತಾರೆ. ಫುಟ್‌ಬಾಲ್ ಮೇಲೆ ಯಾವ ರೂಪದಲ್ಲೂ ಬೆಟ್ ಕಟ್ಟಬೇಡಿ, ನಿಯೋಜನೆಯ ವಿವರ ಪ್ರಕಟವಾಗುವ ಮುನ್ನ ಯಾರಿಗೂ ಹೇಳಬೇಡಿ, ಅಂಥ ಮಾತುಕತೆ ನಡೆದರೆ ನಿರಾಕರಿಸಿದ್ದಷ್ಟೇ ಸಾಕೆಂದು ಸುಮ್ಮನಾಗದೆ ಅದೇ ದಿನ ಪಂದ್ಯದ ಅಧಿಕಾರಿಗೆ ಲಿಖಿತವಾಗಿ ತಿಳಿಸಿ. ತಿಳಿಸದಿರುವುದೂ ಶಿಕ್ಷಾರ್ಹ ಅಪರಾಧ.

ಪ್ರವಾಸ ಮುಗಿಸಿ ಬಂದ ಮೇಲೆ

ಮರಳಿದ ಎರಡು ದಿನಗಳೊಳಗೆ ಪಂದ್ಯದ ವಿಡಿಯೊ ತರಿಸಿಕೊಂಡು, ಮೌಲ್ಯಮಾಪಕರ ವರದಿ ಬರುವ ಮೊದಲೇ ನಿಮ್ಮದೇ ವರದಿ ಬರೆಯಿರಿ: ಯಾವ ಮೂರು ತೀರ್ಮಾನಗಳ ಹೊತ್ತಿಗೆ ನಿಮ್ಮ ನೋಟಕ್ಕೆ ಅಡ್ಡಿಯಿತ್ತು, ಎಲ್ಲಿ ಸೀಟಿ ಬೇಗ ಊದಿ ಅಡ್ವಾಂಟೇಜ್ (ಫೌಲ್‌ಗೆ ಒಳಗಾದ ತಂಡಕ್ಕೆ ಆಟ ಮುಂದುವರಿಸುವ ಅನುಕೂಲ) ಕಳೆದಿರಿ, ಎಷ್ಟನೇ ನಿಮಿಷದಿಂದ ಓಟ ನಿಧಾನವಾಯಿತು. ಎರಡೂ ವರದಿಗಳನ್ನು ಒಟ್ಟಿಗಿಟ್ಟು ನೋಡಿದಾಗ, ಅವರು ಕಂಡು ನೀವು ಕಾಣದೆ ಹೋದ ಅಂಶಗಳನ್ನು ಪ್ರತ್ಯೇಕ ಪುಟದಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ವಾರಾಂತ್ಯದ ದೇಶೀಯ ಪಂದ್ಯಕ್ಕೆ ಹೊರಡುವ ಮುನ್ನ ಆ ಪುಟವನ್ನು ಒಮ್ಮೆ ಓದಿಕೊಂಡು ಹೋಗಿ.